ರಜೆಗೂ ಒಂದು ಪಾಠಯೋಜನೆ ಬೇಕು



ಕಳೆದ ತಿಂಗಳು ಬೆಂಗಳೂರಿನಿಂದ ಮಗಳು ದೂರವಾಣಿ ಮಾಡಿ, "ಅಪ್ಪಾ, ಈ ಸಲ ಮಗುವಿನ ಬೇಸಿಗೆ ರಜೆಗೆ ಎಲ್ಲರೂ ಜಂಜಿಬಾರಿಗೆ ಹೋಗೋಣ. ನೀವೂ ಅಮ್ಮನೂ ಬರಲೇಬೇಕು" ಎಂದಳು. ಜೊತೆಗೆ ಪ್ರವಾಸ ಸಂಸ್ಥೆಯೊಂದು ಸಿದ್ಧಪಡಿಸಿದ್ದ ಪಟ್ಟಿಯನ್ನೂ ಕಳುಹಿಸಿದಳು. ಐದು ರಾತ್ರಿ, ಕಡಲ ದಂಡೆಯ ರೆಸಾರ್ಟ್, ಊಟ ಉಪಾಹಾರ ಎಲ್ಲವೂ ಅಲ್ಲಿಯೇ, ಒಂದು ದಿನ ಡಾಲ್ಫಿನ್ ವೀಕ್ಷಣೆ, ಇನ್ನೊಂದು ದಿನ ಮಸಾಲೆ ತೋಟ. ಊರಿನ ಹೆಸರಾಗಲಿ, ಅಲ್ಲಿಯ ಜನರ ವಿಷಯವಾಗಲಿ ಆ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ.

ಮೂವತ್ತಕ್ಕೂ ಹೆಚ್ಚು ವರ್ಷ ಸಮಾಜ ವಿಜ್ಞಾನ ಬೋಧಿಸಿದವನ ಚಟ ಸುಲಭವಾಗಿ ಬಿಡುವುದಿಲ್ಲ. ಆ ದ್ವೀಪ ಯಾವ ಅಕ್ಷಾಂಶದಲ್ಲಿದೆ, ಮೇ ತಿಂಗಳಲ್ಲಿ ಅಲ್ಲಿ ಯಾವ ಋತು, ಜನ ಯಾವ ಭಾಷೆ ಆಡುತ್ತಾರೆ ಎಂದು ಒಂದರ ಮೇಲೊಂದು ಪ್ರಶ್ನೆ ಕೇಳಿದೆ. ಮಗಳಿಗೆ ಬೇಸರ ಬಂತು. "ಅಪ್ಪಾ, ಇದು ರಜೆ. ಪರೀಕ್ಷೆ ಅಲ್ಲ" ಎಂದುಬಿಟ್ಟಳು. ಅವಳ ಮಾತಿನಲ್ಲಿ ತಪ್ಪೇನೂ ಇಲ್ಲ. ಆದರೆ ಬಿ.ಎಡ್. ಓದುವಾಗ ನಮ್ಮ ಗುರುಗಳು ಪಾಠಯೋಜನೆಯಿಲ್ಲದೆ ತರಗತಿಯೊಳಗೆ ಕಾಲಿಡುವವನು ಮಕ್ಕಳ ಸಮಯವನ್ನು ಕದಿಯುತ್ತಾನೆ ಎನ್ನುತ್ತಿದ್ದರು. ಸಿದ್ಧತೆಯಿಲ್ಲದೆ ಪರರ ನಾಡಿಗೆ ಕಾಲಿಡುವವನೂ ಏನನ್ನೋ ಕದಿಯುತ್ತಾನೆ ಎಂಬುದು ನನ್ನ ಅಭಿಪ್ರಾಯ. ಏನನ್ನು ಎಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ನಾನು ಮಾಡಿಕೊಂಡ ಸಿದ್ಧತೆಯನ್ನು ನಿಮ್ಮ ಮುಂದಿಡುತ್ತೇನೆ. ನಿಮ್ಮಲ್ಲಿ ಯಾರಾದರೂ ಹೋಗುವವರಿದ್ದರೆ ಉಪಯೋಗವಾದೀತು.

ಜಂಜಿಬಾರ್ ಎಂಬುದು ಒಂದು ದ್ವೀಪವಲ್ಲ, ದ್ವೀಪಸಮೂಹ. ಉಂಗುಜಾ ಮತ್ತು ಪೆಂಬಾ ಅದರಲ್ಲಿ ದೊಡ್ಡವು. ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಸುಮಾರು ಆರು ಡಿಗ್ರಿಯಲ್ಲಿ, ಆಫ್ರಿಕಾದ ಪೂರ್ವ ತೀರಕ್ಕೆ ತೀರಾ ಸಮೀಪದಲ್ಲಿದೆ. ನಮ್ಮ ಮಂಗಳೂರಿನಿಂದ ನೇರ ಗೆರೆ ಎಳೆದರೆ ಸುಮಾರು ನಾಲ್ಕೂವರೆ ಸಾವಿರ ಕಿಲೋಮೀಟರ್. 1963ರ ಡಿಸೆಂಬರಿನಲ್ಲಿ ಬ್ರಿಟಿಷರಿಂದ ಸ್ವತಂತ್ರವಾಯಿತು. 1964ರ ಜನವರಿಯ ಕ್ರಾಂತಿಯಲ್ಲಿ ಸುಲ್ತಾನನ ಆಳ್ವಿಕೆ ಕೊನೆಗೊಂಡಿತು. ಅದೇ ವರ್ಷ ಏಪ್ರಿಲಿನಲ್ಲಿ ತಾಂಗನಿಕಾದೊಂದಿಗೆ ಕೂಡಿ ಇಂದಿನ ತಾಂಜಾನಿಯಾ ಆಯಿತು. ಆದರೂ ಜಂಜಿಬಾರಿಗೆ ತನ್ನದೇ ಅಧ್ಯಕ್ಷರೂ ಶಾಸನಸಭೆಯೂ ಇವೆ. 2022ರ ಜನಗಣತಿಯಂತೆ ಜನಸಂಖ್ಯೆ ಸುಮಾರು 19 ಲಕ್ಷ. ಬಹುತೇಕ ಎಲ್ಲರೂ ಮುಸ್ಲಿಮರು.

ಇನ್ನು ಋತುವಿನ ವಿಷಯ. ನಮ್ಮ ಶಾಲೆಗಳ ಬೇಸಿಗೆ ರಜೆ ಬರುವುದು ಏಪ್ರಿಲ್ ಮೇ ತಿಂಗಳಲ್ಲಿ. ಅಲ್ಲಿ ಮಾರ್ಚಿನಿಂದ ಮೇವರೆಗೆ 'ಮಸಿಕಾ' ಎಂಬ ದೊಡ್ಡ ಮಳೆಗಾಲ. ರೆಸಾರ್ಟಿನ ದರ ಅಷ್ಟು ಅಗ್ಗವಾಗಿದ್ದುದು ಏಕೆಂದು ಮಗಳಿಗೆ ಆಗ ಅರ್ಥವಾಯಿತು! ನವೆಂಬರ್ ಡಿಸೆಂಬರಿನಲ್ಲಿ 'ವುಲಿ' ಎಂಬ ಸಣ್ಣ ಮಳೆ. ಜೂನಿನಿಂದ ಅಕ್ಟೋಬರ್ ಮತ್ತು ಜನವರಿ ಫೆಬ್ರವರಿ ಒಣಹವೆಯ ಕಾಲ. ಆದ್ದರಿಂದ ನಮಗೆ ಅನುಕೂಲವಾದುದು ದಸರಾ ರಜೆಯೇ ಹೊರತು ಬೇಸಿಗೆ ರಜೆಯಲ್ಲ.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದಿರಲಾರೆ. ಅಲ್ಲಿಯ ಜನ ಗಾಳಿಗೆ ಎರಡು ಹೆಸರು ಇಟ್ಟಿದ್ದಾರೆ. ಡಿಸೆಂಬರಿನಿಂದ ಮಾರ್ಚಿಯವರೆಗೆ ಈಶಾನ್ಯದಿಂದ ಬೀಸುವುದು 'ಕಸ್ಕಾಜಿ'. ಏಪ್ರಿಲಿನ ನಂತರ ದಕ್ಷಿಣದಿಂದ ಬೀಸುವುದು 'ಕೂಸಿ'. ಕಸ್ಕಾಜಿಯ ಬೆನ್ನೇರಿ ಅರಬಸ್ತಾನದ, ಕಚ್ಛದ ಹಾಯಿಹಡಗುಗಳು ಅಲ್ಲಿಗೆ ಹೋಗುತ್ತಿದ್ದವು. ಕೂಸಿಯ ಬೆನ್ನೇರಿ ಹಿಂದಿರುಗುತ್ತಿದ್ದವು. ಈ ದಕ್ಷಿಣದ ಗಾಳಿಯ ಪ್ರವಾಹವೇ ಭೂಮಧ್ಯರೇಖೆಯನ್ನು ದಾಟಿ, ಬಲಕ್ಕೆ ತಿರುಗಿ, ಅರಬ್ಬೀ ಸಮುದ್ರದ ನೀರನ್ನು ಹೀರಿಕೊಂಡು ನಮ್ಮ ಘಟ್ಟಕ್ಕೆ ಮುಂಗಾರಾಗಿ ಬಂದು ಅಪ್ಪಳಿಸುತ್ತದೆ. ಜೂನ್ ತಿಂಗಳಲ್ಲಿ ಶಾಲೆಯ ಹೆಂಚಿನ ಮೇಲೆ ಮಳೆ ಸುರಿದು ನನ್ನ ಪಾಠ ಕೇಳಿಸದೆ ಹೋಗುತ್ತಿದ್ದುದು ನಿಮಗೆಲ್ಲ ನೆನಪಿರಬಹುದು. ಹೆಂಚಿನ ಮಾತು ಬಂದುದರಿಂದ ಇದನ್ನೂ ಹೇಳಿಬಿಡುತ್ತೇನೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಆರಂಭಿಸಿದ ಮಂಗಳೂರು ಹೆಂಚಿನ ಉದ್ಯಮದ ಸರಕು ಪೂರ್ವ ಆಫ್ರಿಕಾದ ತೀರಕ್ಕೂ ರಫ್ತಾಗುತ್ತಿತ್ತು. ಗಾಳಿ ಅಲ್ಲಿಂದ ಬಂತು, ಹೆಂಚು ಇಲ್ಲಿಂದ ಹೋಯಿತು.

ಕಾಗದಪತ್ರಗಳ ಕುರಿತು ಎರಡು ಮಾತು. ಭಾರತೀಯರಿಗೆ ತಾಂಜಾನಿಯಾದ ವೀಸಾ ಬೇಕು. ಅಂತರ್ಜಾಲದ ಮೂಲಕ ಅರ್ಜಿ ಹಾಕಬಹುದು. 2024ರ ಅಕ್ಟೋಬರಿನಿಂದ ಜಂಜಿಬಾರಿಗೆ ಬರುವ ವಿದೇಶೀಯರು ಅಲ್ಲಿಯ ಸರಕಾರಿ ವಿಮಾ ಸಂಸ್ಥೆಯ ಪ್ರವಾಸ ವಿಮೆಯನ್ನು ಕಡ್ಡಾಯವಾಗಿ ಮಾಡಿಸಬೇಕೆಂಬ ನಿಯಮ ಬಂದಿದೆ. ಆರಂಭದಲ್ಲಿ ನಿಗದಿಯಾದ ದರ 44 ಡಾಲರ್. ವಿಮಾನ ಯಾವ ದೇಶದ ಮಾರ್ಗವಾಗಿ ಹೋಗುತ್ತದೆ ಎಂಬುದರ ಮೇಲೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕಾಗಬಹುದು. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಆ ಪತ್ರಕ್ಕೆ ಮಾನ್ಯತೆ. ಅರವತ್ತು ದಾಟಿದವರು ಈ ಲಸಿಕೆಯ ಬಗೆಗೂ ಮಲೇರಿಯಾದ ಮಾತ್ರೆಯ ಬಗೆಗೂ ವೈದ್ಯರನ್ನು ಕೇಳದೆ ಮುಂದುವರಿಯಬಾರದು. ರಂಜಾನ್ ತಿಂಗಳು ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆಯಾದ್ದರಿಂದ ಪಂಚಾಂಗವನ್ನು ನೋಡಿಯೇ ಟಿಕೇಟು ಕೊಳ್ಳಬೇಕು. ಊರೆಲ್ಲ ಉಪವಾಸವಿರುವಾಗ ನಾವು ಬೀದಿಯಲ್ಲಿ ತಿನ್ನುತ್ತ ನಡೆಯುವುದು ಶೋಭೆಯಲ್ಲ.

ನನ್ನ ಶ್ರೀಮತಿಯ ಚಿಂತೆ ಬೇರೆಯೇ ಇತ್ತು. "ಅಲ್ಲಿ ನಮ್ಮಂಥವರಿಗೆ ಊಟಕ್ಕೆ ಏನು ಸಿಗುತ್ತದೆ?" ಎಂದು ಕೇಳಿದಳು. ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ, ತೆಂಗಿನ ಹಾಲು ಹಾಕಿದ ಕಾಳಿನ ಸಾರು, ಚಪಾತಿ, ಬಾಳೆಕಾಯಿ, ಮರಗೆಣಸು ಎಂದು ನಾನು ಓದಿ ಹೇಳಿದಾಗ ಅವಳ ಮುಖ ಅರಳಿತು. ಕಾಯಿ ತುರಿಯಲು ಅವರು ಬಳಸುವುದೂ ಕುಳಿತುಕೊಳ್ಳುವ ಮಣೆಗೆ ಹಲ್ಲಿನ ಅಲಗು ಜೋಡಿಸಿದ ನಮ್ಮ ತುರಿಮಣೆಯಂಥದೇ. ಅದಕ್ಕೆ ಸ್ವಾಹಿಲಿಯಲ್ಲಿ 'ಮೇಕೆ' ಎಂಬ ಅರ್ಥದ ಹೆಸರಿದೆ. "ಹಾಗಾದರೆ ಅವರು ನಮ್ಮವರೇ ಬಿಡಿ" ಎಂದಳು. ಸಂಸ್ಕೃತಿಯ ಬಗ್ಗೆ ನಾನು ಓದಿದ ಎಷ್ಟೋ ಪುಟಗಳಿಗಿಂತ ಅವಳ ಈ ಒಂದು ಮಾತು ಹೆಚ್ಚು ನೇರವಾಗಿತ್ತು.

ಭಾಷೆಯ ವಿಷಯದಲ್ಲಿ ನನಗೆ ನಿಜವಾದ ಆನಂದವಾಯಿತು. 'ಸ್ವಾಹಿಲಿ' ಎಂಬ ಹೆಸರು ಬಂದುದು ಕರಾವಳಿ ಎಂಬರ್ಥದ ಅರಬ್ಬೀ ಪದದಿಂದ. ಭಾಷೆಯ ಮೈ ಬಾಂಟೂ ಕುಲದ್ದು, ಅಂದರೆ ಆಫ್ರಿಕಾದ್ದೇ. ಅದರ ಮೇಲೆ ಅರಬ್ಬೀ, ಪಾರಸೀ, ಹಿಂದೂಸ್ತಾನೀ ಪದಗಳ ಆಭರಣ. ಜಂಜಿಬಾರ್ ನಗರದ ಆಡುಮಾತೇ ಶಿಷ್ಟ ಸ್ವಾಹಿಲಿಗೆ ತಳಹದಿ. ಜುಲೈ 7ನ್ನು ವಿಶ್ವ ಸ್ವಾಹಿಲಿ ದಿನವೆಂದು ಯುನೆಸ್ಕೋ 2021ರಲ್ಲಿ ಘೋಷಿಸಿತು. ಈ ಪಟ್ಟಿಯನ್ನು ನೋಡಿ: ನಮ್ಮ ಸಾಬೂನು ಅವರಿಗೆ 'ಸಬುನಿ', ಸರಕಾರ 'ಸೆರಿಕಾಲಿ', ಬಂದರು 'ಬಂದಾರಿ', ವಕೀಲ 'ವಕಿಲಿ', ಷರತ್ತು 'ಶರ್ತಿ', ತಾರೀಖು 'ತರೇಹೆ', ಗಾಡಿ 'ಗಾರಿ'. ಒಂದೇ ಸಮುದ್ರ ಎರಡೂ ದಡಗಳಿಗೆ ಒಂದೇ ಶಬ್ದಗಳನ್ನು ಹಂಚಿದೆ.

ಹೊತ್ತನ್ನು ಎಣಿಸುವ ಕ್ರಮವೂ ನಮ್ಮ ಹಿರಿಯರ ಘಳಿಗೆಯ ಲೆಕ್ಕದಂತೆ ಸೂರ್ಯೋದಯದಿಂದಲೇ ಆರಂಭ. ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ. "ಎರಡು ಗಂಟೆಗೆ ಬನ್ನಿ" ಎಂದು ಸ್ವಾಹಿಲಿಯಲ್ಲಿ ಹೇಳಿದರೆ ಬೆಳಿಗ್ಗೆ ಎಂಟಕ್ಕೆ ಸಿದ್ಧವಾಗಿರಬೇಕು! ಕಿರಿಯರು ಹಿರಿಯರನ್ನು ಕಂಡಾಗ 'ಶಿಕಮೋ' ಎನ್ನಬೇಕು, ಹಿರಿಯರು 'ಮರಹಬಾ' ಎಂದು ಉತ್ತರಿಸಬೇಕು. 'ನಿಮ್ಮ ಪಾದ ಹಿಡಿಯುತ್ತೇನೆ' ಎಂಬುದು ಶಿಕಮೋ ಪದದ ಮೂಲಾರ್ಥವೆಂದು ಹೇಳುತ್ತಾರೆ. ಮೊಮ್ಮಗನಿಗೆ ಈ ಒಂದು ಪದವನ್ನು ಈಗಲೇ ಬಾಯಿಪಾಠ ಮಾಡಿಸಿದ್ದೇನೆ.

ಇಷ್ಟು ಸಿಹಿಯ ಭಾಗ. ಇನ್ನು ಕಹಿಯ ಭಾಗಕ್ಕೆ ಬರೋಣ.

ಉಂಗುಜಾದ ಹಳೆಯ ಪಟ್ಟಣವಾದ ಸ್ಟೋನ್ ಟೌನ್ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಯ ಕೆತ್ತನೆಯ ಬಾಗಿಲುಗಳು ಜಗತ್ಪ್ರಸಿದ್ಧ. ಹಿತ್ತಾಳೆಯ ಮೊಳೆಗಳಿರುವ ಕಮಾನಿನ ಬಾಗಿಲುಗಳು ಭಾರತೀಯ ವರ್ತಕರ ಮನೆಗಳವು. ಹತ್ತೊಂಬತ್ತನೆಯ ಶತಮಾನದಲ್ಲಿ ಒಮಾನಿನ ಸುಲ್ತಾನ ಸೆಯ್ಯಿದ್ ಸೈದ್ ತನ್ನ ಆಸ್ಥಾನವನ್ನೇ ಇಲ್ಲಿಗೆ ತಂದ. ಲವಂಗ, ದಂತ ಮತ್ತು ಮನುಷ್ಯರು ಅಂದಿನ ಮುಖ್ಯ ವ್ಯಾಪಾರದ ಸರಕುಗಳು. ಹೌದು, ಮನುಷ್ಯರು. ಒಳನಾಡಿನಿಂದ ಹಿಡಿದು ತಂದವರನ್ನು ಹರಾಜು ಹಾಕುತ್ತಿದ್ದ ಪೇಟೆಯನ್ನು ಸುಲ್ತಾನ ಬರ್ಘಾಶ್ ಬ್ರಿಟಿಷರ ಒತ್ತಡಕ್ಕೆ ಮಣಿದು 1873ರಲ್ಲಿ ಮುಚ್ಚಿದ. ಆ ನೆಲದ ಮೇಲೆ ಈಗ ಒಂದು ಇಗರ್ಜಿ ಇದೆ. ಅದರ ಅಂಗಳದ ಹಳ್ಳದಲ್ಲಿ ಕೊರಳಿಗೆ ಸರಪಳಿ ಬಿಗಿದ ಐದು ಮೂರ್ತಿಗಳನ್ನು 1998ರಲ್ಲಿ ನಿಲ್ಲಿಸಿದ್ದಾರೆ.

ನಾನು ಪಾಠ ಹೇಳುವಾಗ ಗುಲಾಮಗಿರಿ ಎಂದರೆ ಅರಬರದ್ದು, ಐರೋಪ್ಯರದ್ದು ಎಂದು ಹೇಳಿ ಪುಟ ತಿರುವುತ್ತಿದ್ದೆ. ನಮ್ಮವರ ಪಾತ್ರ ಅದರಲ್ಲಿ ಇದ್ದುದನ್ನು ನಾನು ಓದಿದ್ದು ನಿವೃತ್ತಿಯ ನಂತರ. ಜಂಜಿಬಾರಿನ ಸುಂಕ ವಸೂಲಿಯ ಗುತ್ತಿಗೆ ಹಲವು ದಶಕ ಕಚ್ಛದ ಜೈರಾಮ್ ಶಿವಜಿ ಮನೆತನದ ಕೈಯಲ್ಲಿತ್ತು. ಒಳನಾಡಿಗೆ ಹೋಗುವ ವ್ಯಾಪಾರಿ ತಂಡಗಳಿಗೆ ಸಾಲ ಕೊಡುತ್ತಿದ್ದವರಲ್ಲಿ ಭಾರತೀಯ ಸಾಹುಕಾರರು ಪ್ರಮುಖರು. 1860ರ ಸುಮಾರಿಗೆ ಬ್ರಿಟಿಷ್ ಕಾನ್ಸಲ್ ರಿಗ್ಬಿ ಅಲ್ಲಿದ್ದ ಭಾರತೀಯರ ವಶದಲ್ಲಿದ್ದ ಸಾವಿರಾರು ಗುಲಾಮರನ್ನು ಬಿಡುಗಡೆ ಮಾಡಿಸಬೇಕಾಯಿತು. ಇದೇ ವರ್ತಕ ಸಮುದಾಯದವರು ಮುಂದೆ ಆಸ್ಪತ್ರೆ ಕಟ್ಟಿಸಿದ್ದೂ ಸತ್ಯ; ಥಾರಿಯಾ ತೋಪನ್ ಕಟ್ಟಿಸಿದ ಸುಂದರವಾದ ಔಷಧಾಲಯ ಬಂದರಿನೆದುರು ಇಂದಿಗೂ ನಿಂತಿದೆ. 1964ರ ಕ್ರಾಂತಿಯಲ್ಲಿ ಅರಬರೊಂದಿಗೆ ಭಾರತೀಯ ಮೂಲದವರೂ ಪ್ರಾಣ, ಮನೆ ಕಳೆದುಕೊಂಡದ್ದೂ ಸತ್ಯ. ಒಂದು ಸತ್ಯ ಇನ್ನೊಂದನ್ನು ಅಳಿಸುವುದಿಲ್ಲ.

ಇದನ್ನು ಓದಿ ಹೇಳಿದಾಗ ಶ್ರೀಮತಿ, "ರಜೆಗೆಂದು ಹೋಗುವಾಗ ಇಂಥ ಹಳೆಯ ದುಃಖವನ್ನೆಲ್ಲ ಏಕೆ ಕೆದಕುತ್ತೀರಿ?" ಎಂದಳು. ನಾನು ಉತ್ತರ ಕೊಡಲಿಲ್ಲ. ಕಾರಣ ಅವಳಿಗೂ ನಾನು ಅದುವರೆಗೆ ಹೇಳಿರದ ಒಂದು ಸಂಗತಿ. ಇಂದು ಎಲ್ಲರಿಗೂ ಹೇಳುತ್ತೇನೆ.

1989ನೆಯ ಇಸವಿ. ಉತ್ತರ ಕನ್ನಡದ ಘಟ್ಟದ ಮೇಲಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಆ ಭಾಗದ ಕಾಡಂಚಿನ ಊರುಗಳಲ್ಲಿ ಸಿದ್ದಿ ಜನಾಂಗದವರು ಇದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಅವರಲ್ಲಿ ಬಹಳ. ಒಂಬತ್ತನೆಯ ತರಗತಿಯಲ್ಲಿ ಅವರ ಹುಡುಗನೊಬ್ಬನಿದ್ದ. ಶಾಂತ ಸ್ವಭಾವ, ನಕಾಶೆ ಬಿಡಿಸುವುದರಲ್ಲಿ ತರಗತಿಗೇ ಮೊದಲಿಗ. ಆ ದಿನ ಆಫ್ರಿಕಾ ಖಂಡದ ಪಾಠ. 'ಕತ್ತಲೆಯ ಖಂಡ' ಎಂದು ಕರಿಹಲಗೆಯ ಮೇಲೆ ಬರೆದೆ. ಮಕ್ಕಳಿಗೆ ಪಾಠ ಮನದಟ್ಟಾಗಲಿ ಎಂಬ ಉತ್ಸಾಹದಲ್ಲಿ, "ನೀನು ಎದ್ದು ನಿಲ್ಲಪ್ಪಾ, ಎಲ್ಲರೂ ನೋಡಲಿ. ಆಫ್ರಿಕಾದ ಜನ ಹೀಗಿರುತ್ತಾರೆ" ಎಂದೆ. ಅವನು ಎದ್ದು ನಿಂತ. ಮಕ್ಕಳು ನಕ್ಕರು. ನಾನು ಅವನನ್ನು ಕುಳಿತುಕೋ ಎನ್ನುವುದನ್ನು ಮರೆತು ಪಾಠ ಮುಂದುವರಿಸಿದೆ. ಗಂಟೆ ಬಾರಿಸುವವರೆಗೂ ಅವನು ನಿಂತೇ ಇದ್ದ.

ಅವನು ಆ ವರ್ಷ ಮುಗಿಸಿದ. ಹತ್ತನೆಯ ತರಗತಿಗೆ ಬರಲಿಲ್ಲ. ನಾನು ಕಾರಣ ವಿಚಾರಿಸಲೂ ಇಲ್ಲ. ಬಡತನವಿರಬಹುದು, ಮನೆಯ ಕೆಲಸವಿರಬಹುದು ಎಂದುಕೊಂಡೆ. ಅವು ಇದ್ದಿರಲೂಬಹುದು. ಆದರೆ ಜಂಜಿಬಾರಿನ ಹರಾಜು ಪೇಟೆಯಲ್ಲಿ ಮನುಷ್ಯರನ್ನು ಎದ್ದು ನಿಲ್ಲಿಸಿ ನೋಡುತ್ತಿದ್ದರೆಂದು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಪಾಠಯೋಜನೆಯಲ್ಲಿ 'ಬೋಧನೋಪಕರಣ' ಎಂಬ ಒಂದು ಅಂಕಣವಿರುತ್ತದೆ. ಭೂಪಟ, ಗೋಲ, ಚಾರ್ಟು ಎಂದು ಬರೆಯುತ್ತೇವೆ. ಆ ದಿನ ಆ ಅಂಕಣದಲ್ಲಿ ನಾನು ಒಬ್ಬ ಹುಡುಗನನ್ನು ಇಟ್ಟಿದ್ದೆ.

ಹಳೆಯ ವಿದ್ಯಾರ್ಥಿಗಳ ನೆರವಿನಿಂದ ಅವನ ಊರು ಪತ್ತೆ ಮಾಡಿ ಕಳೆದ ವಾರ ಹೋಗಿಬಂದೆ. ಈಗ ಐವತ್ತರ ಸಮೀಪದ ಗೃಹಸ್ಥ. ಅಡಿಕೆ ತೋಟಗಳಲ್ಲಿ ಕೆಲಸ. ಚಹಾ ಕೊಟ್ಟು, "ಸರ್, ನೀವು ಇಷ್ಟು ದೂರ ಬಂದಿರಲ್ಲ" ಎಂದು ಸಂಕೋಚಪಟ್ಟ. ನಾನು ಆ ದಿನದ ಮಾತೆತ್ತಿ ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೆನಪಿದೆ ಸರ್" ಎಂದಷ್ಟೇ ಹೇಳಿದ. ಪರವಾಗಿಲ್ಲ ಎನ್ನಲಿಲ್ಲ. ಹೇಳದಿದ್ದುದೇ ಸರಿ ಎಂದು ನನಗೆ ಅನ್ನಿಸಿತು. ಪಿಯುಸಿ ಓದುತ್ತಿರುವ ಅವನ ಮಗಳು, "ಸರ್, ನಮ್ಮ ಹಿರಿಯರು ನೀವು ಹೋಗುವ ಊರಿನವರೇ?" ಎಂದು ಕೇಳಿದಳು. ಹಾಗೆಂದು ಹೇಳಲು ನನ್ನಲ್ಲಿ ಆಧಾರವಿರಲಿಲ್ಲ. ಪೋರ್ಚುಗೀಸರು ಜನರನ್ನು ಸಾಗಿಸಿದ್ದು ಹೆಚ್ಚಾಗಿ ಇನ್ನೂ ದಕ್ಷಿಣದ ಮೊಜಾಂಬಿಕ್ ತೀರದಿಂದ. ಅದನ್ನೇ ಹೇಳಿದೆ. ಅವಳು ಭೂಪಟ ತಂದಳು. ಎರಡು ತೀರಗಳನ್ನೂ ತೋರಿಸಿದೆ. ಗುಜರಾತಿನ ಸಿದ್ದಿಗಳು ತಮ್ಮ ಕುಣಿತಕ್ಕೆ 'ಗೋಮಾ' ಎನ್ನುತ್ತಾರೆ, ಸ್ವಾಹಿಲಿಯಲ್ಲಿ ಡೋಲಿಗೂ ಕುಣಿತಕ್ಕೂ 'ಙೋಮಾ' ಎನ್ನುತ್ತಾರೆ ಎಂದಾಗ ಅವಳು ಅದನ್ನು ತನ್ನ ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಕರ್ನಾಟಕದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಅವಳ ಓದಿಗೆ ಆ ನೆರವಾದರೂ ಇದೆ. ಅವಳ ತಂದೆಗೆ ಇರಲಿಲ್ಲ. ಅವನಿಗೆ ಇದ್ದವನು ನನ್ನಂಥ ಮಾಸ್ತರ.

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಸಿದ್ಧತೆಯಿಲ್ಲದೆ ಹೋಗುವ ಪ್ರವಾಸಿ ಕದಿಯುವುದು ಏನನ್ನು? ಎದುರಿಗಿರುವವರ ಮನುಷ್ಯತ್ವವನ್ನು. ಉಡುಪು, ಬಣ್ಣ, ಗುಡಿಸಲು, ಮಗು ಎಲ್ಲವೂ ಅವನಿಗೆ ಚಿತ್ರ ತೆಗೆಯುವ ವಸ್ತುಗಳೇ. ಉಂಗುಜಾದ ಪೂರ್ವ ತೀರದ ಪಾಜೆ, ಜಂಬಿಯಾನಿ ಊರುಗಳಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಸೊಂಟದವರೆಗಿನ ನೀರಿನಲ್ಲಿ ನಿಂತು ಕಡಲಪಾಚಿ ಬೆಳೆಯುತ್ತಾರೆ. 1980ರ ದಶಕದ ಕೊನೆಯಿಂದ ಇದು ಅವರ ಸ್ವಂತ ಆದಾಯ. ಈಚೆಗೆ ಸಮುದ್ರದ ಉಷ್ಣತೆ ಏರಿ ಬೆಳೆ ಕೊಳೆಯುತ್ತಿದೆ. ಪ್ರವಾಸ ಪುಸ್ತಿಕೆಗಳಲ್ಲಿ ಮಾತ್ರ ಅವರು ಬಣ್ಣದ ಬಟ್ಟೆಯ ಸುಂದರ ದೃಶ್ಯ! ಆ ಬಟ್ಟೆಯ ಹೆಸರು 'ಕಾಂಗಾ'. ಪ್ರತಿಯೊಂದರ ಅಂಚಿನಲ್ಲಿಯೂ ಒಂದು ಗಾದೆಯೋ ಸಂದೇಶವೋ ಅಚ್ಚಾಗಿರುತ್ತದೆ. ಉಟ್ಟವಳು ಅದರ ಮೂಲಕ ಏನನ್ನೋ ಹೇಳುತ್ತಿರುತ್ತಾಳೆ. ನಾವು ಓದಲಾರದೆ ಚಿತ್ರ ತೆಗೆದುಕೊಂಡು ಬರುತ್ತೇವೆ.

ಅಳಿಯಂದಿರು ಇದಕ್ಕೆ ಒಂದು ಆಕ್ಷೇಪ ಎತ್ತಿದರು. "ಮಾವಾ, ಆ ರೆಸಾರ್ಟುಗಳಿಂದಲೇ ಎಷ್ಟೋ ಜನರಿಗೆ ಕೆಲಸ ಸಿಕ್ಕಿದೆ. ಎಲ್ಲರೂ ನಿಮ್ಮಂತೆ ಯೋಚಿಸಿದರೆ ಅವರ ಗತಿ ಏನು?" ನ್ಯಾಯವಾದ ಪ್ರಶ್ನೆ. ಜಂಜಿಬಾರಿನ ಆರ್ಥಿಕತೆ ಇಂದು ಬಹುಮಟ್ಟಿಗೆ ಪ್ರವಾಸೋದ್ಯಮದ ಮೇಲೆ ನಿಂತಿದೆ. ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಬೇಲಿಯೊಳಗೆ ಎಲ್ಲವನ್ನೂ ಮುಗಿಸುವ ರಜೆಯಲ್ಲಿ ಊರಿನ ಹೋಟೆಲಿನವನಿಗೂ ದೋಣಿಯವನಿಗೂ ಹಣ್ಣಿನ ಹೆಂಗಸಿಗೂ ಪಾಲು ಎಷ್ಟು ಎಂದು ಕೇಳುತ್ತಿದ್ದೇನೆ ಅಷ್ಟೆ. ನಮ್ಮ ಕರಾವಳಿಯ ಮೀನುಗಾರರ ಕೇರಿಗೆ ಯಾರಾದರೂ ಹೀಗೆ ಬಂದು ಹೋದರೆ ನಮಗೆ ಹೇಗನ್ನಿಸೀತು?

ಕೊನೆಗೆ ಎಲ್ಲರೂ ಒಪ್ಪಿದ ಯೋಜನೆ ಇದು. ದಸರಾ ರಜೆಯಲ್ಲಿ ಏಳು ರಾತ್ರಿ. ಮೊದಲ ಮೂರು ಸ್ಟೋನ್ ಟೌನಿನಲ್ಲಿ, ಸ್ಥಳೀಯರು ನಡೆಸುವ ವಸತಿಯಲ್ಲಿ. ಮೊದಲ ದಿನವೇ ಗುಲಾಮರ ಪೇಟೆಯ ಸ್ಮಾರಕ. ಅಲ್ಲಿ ಚಿತ್ರ ತೆಗೆಯುವಂತಿಲ್ಲ, ಅದು ನಮ್ಮ ಮನೆಯ ನಿಯಮ. ನಂತರ ಬಾಗಿಲುಗಳು, ಪೇಟೆ, ಸಂಜೆ ಫೊರೊದಾನಿ ಉದ್ಯಾನದ ಬೀದಿ ತಿಂಡಿ. 1883ರಲ್ಲಿ ಬರ್ಘಾಶ್ ಕಟ್ಟಿಸಿದ 'ಅದ್ಭುತಗಳ ಅರಮನೆ' 2020ರ ಡಿಸೆಂಬರಿನಲ್ಲಿ ಭಾಗಶಃ ಕುಸಿದಿತ್ತು. ಎಷ್ಟು ಕಾಣುತ್ತದೋ ಅಷ್ಟೇ. 2021ರ ನೊಬೆಲ್ ಪಡೆದ ಅಬ್ದುಲ್ ರಜಾಕ್ ಗುರ್ನಾ ಹುಟ್ಟಿದ್ದು ಈ ದ್ವೀಪದಲ್ಲಿ. ಅವರ ಒಂದು ಕಾದಂಬರಿಯನ್ನಾದರೂ ಹೊರಡುವ ಮೊದಲು ಓದಬೇಕೆಂದು ಮಗಳಿಗೆ ಗೃಹಪಾಠ ಕೊಟ್ಟಿದ್ದೇನೆ. ಒಂದು ದಿನ ಜೊಜಾನಿ ಕಾಡಿನ ಕೆಂಪು ಕೋತಿಗಳು, ಮೊಮ್ಮಗನಿಗಾಗಿ. ಉಳಿದ ದಿನ ಜಂಬಿಯಾನಿಯ ಕಡಲ ದಂಡೆ. ಮಗಳು ಆಸೆಪಟ್ಟ ವಿಶ್ರಾಂತಿ ಅವಳಿಗೆ ಪೂರ್ತಿ ಸಿಗಲಿ. ಊರೊಳಗೆ ಭುಜ ಮೊಣಕಾಲು ಮುಚ್ಚುವ ಉಡುಪು. ಕೇಳದೆ ಯಾರ ಚಿತ್ರವನ್ನೂ ತೆಗೆಯುವಂತಿಲ್ಲ.

1893ರಲ್ಲಿ ಇಪ್ಪತ್ತಮೂರರ ತರುಣ ಗಾಂಧೀಜಿ ದಕ್ಷಿಣ ಆಫ್ರಿಕಾಕ್ಕೆ ಹೋಗುವಾಗ ಹಡಗು ಬದಲಿಸಲು ಎಂಟು ಹತ್ತು ದಿನ ಜಂಜಿಬಾರಿನಲ್ಲಿ ತಂಗಿದ್ದರು. ಅಲ್ಲಿ ತಮಗಾದ ನಾಚಿಕೆಯ ಅನುಭವವೊಂದನ್ನು ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದಿದ್ದಾರೆ. ನಾನು ಇಂದು ನನ್ನ ನಾಚಿಕೆಯನ್ನು ಬರೆಯಲು ಧೈರ್ಯ ಬಂದದ್ದು ಅದನ್ನು ಮತ್ತೊಮ್ಮೆ ಓದಿದ ಮೇಲೆ.

ಅತಿಥಿಗೆ ಎರಡು ದಿನ ಸತ್ಕಾರ, ಮೂರನೆಯ ದಿನ ಅವನ ಕೈಗೆ ಗುದ್ದಲಿ ಕೊಡು ಎಂಬುದು ಸ್ವಾಹಿಲಿಯ ಪ್ರಸಿದ್ಧ ಗಾದೆ. ನನ್ನ ಕೈಗೆ ಈಗಾಗಲೇ ಗುದ್ದಲಿ ಬಂದಿದೆ. ಆ ಹುಡುಗಿಗೆ ಅಲ್ಲಿಂದ ಪೂರ್ವ ಆಫ್ರಿಕಾದ ಒಂದು ಒಳ್ಳೆಯ ಭೂಪಟವನ್ನು ತರುತ್ತೇನೆಂದು ಮಾತು ಕೊಟ್ಟಿದ್ದೇನೆ. ನಿಮ್ಮಲ್ಲಿ ಶಿಕ್ಷಕ ವೃತ್ತಿಯಲ್ಲಿರುವವರು ಬಹಳ ಮಂದಿ ಇದ್ದೀರಿ. ನಿಮ್ಮ ತರಗತಿಯಲ್ಲಿ ಯಾರಾದರೂ ಇನ್ನೂ ನಿಂತೇ ಇದ್ದಾರೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಇದ್ದರೆ, ಕುಳ್ಳಿರಿಸಿ.